ಮಗಳ ಕಾಮಿಕ್ಸ್‌ನಲ್ಲಿ ನನ್ನ ಪಾತ್ರ

ಭಾನುವಾರ ಬೆಳಿಗ್ಗೆ ಪುಳಿಯೋಗರೆ ಡಬ್ಬಿ, ಅತ್ತೆಯವರ ಬಿಪಿ ಮಾತ್ರೆ, ನೀರಿನ ಬಾಟಲಿ ಎಲ್ಲ ಚೀಲಕ್ಕೆ ತುಂಬಿಕೊಂಡು ನಾವು ನಾಲ್ವರೂ ರಾಜಾಜಿನಗರದಲ್ಲಿ ಮೆಟ್ರೋ ಹತ್ತಿದೆವು. ಮೆಜೆಸ್ಟಿಕ್‌ನಲ್ಲಿ ಇಂದಿರಾನಗರದ ಗಾಡಿಗೆ ಬದಲಾಯಿಸುವಾಗ ಅತ್ತೆ ಕೇಳಿದರು, "ಯಾರ ಮದುವೆ ಅಂದ್ಯೇ?"

"ಮದುವೆ ಅಲ್ಲ ಅತ್ತೆ, ಕಾಮಿಕ್ಸ್ ಮೇಳ. ನಿಮ್ಮ ಮೊಮ್ಮಗಳು ಅಂಗಡಿ ಇಡ್ತಿದ್ದಾಳೆ."

ಅಂಗಡಿ ಅಂದರೆ ಅರ್ಧ ಟೇಬಲ್ಲು. ಉಳಿದರ್ಧ ಸ್ಟಿಕ್ಕರ್, ಕೀಚೈನ್ ಮಾರುವ ಕಾಲೇಜು ಹುಡುಗಿಯದು. ನನ್ನ ಮಗಳು ಒಂಬತ್ತನೇ ಕ್ಲಾಸು. ಎರಡು ತಿಂಗಳ ಹಿಂದೆ ಗಣಿತದ ಟೆಸ್ಟಿನಲ್ಲಿ ಅಂಕ ಕಮ್ಮಿ ಬಂತು ಅಂತ ಅವಳ ಮೂರು ಚಿತ್ರದ ಪುಸ್ತಕಗಳನ್ನು ನಾನೇ ಅಟ್ಟಕ್ಕೆ ಹಾಕಿದ್ದೆ. ಅವತ್ತಿನಿಂದ ನನ್ನ ಹತ್ತಿರ ಅವಳದು ಎರಡೇ ಮಾತು. ಹೂಂ, ಊಹೂಂ. ಮೇಳದ ವಿಷಯವೂ ನನಗೆ ಗೊತ್ತಾಗಿದ್ದು ಅವರಪ್ಪನ ಬಾಯಿಂದ. ಝೆರಾಕ್ಸಿಗೆ ದುಡ್ಡು ಕೊಟ್ಟಿದ್ದು ಅಜ್ಜಿ. ಮನೆಯಲ್ಲಿ ಇಷ್ಟೆಲ್ಲ ನಡೆದರೂ ನನಗೊಬ್ಬಳಿಗೇ ಸುಳಿವಿಲ್ಲ ನೋಡಿ!

ಹಾಲ್ ದೊಡ್ಡದೇನಲ್ಲ. ನಾಮಕರಣ ಮಾಡಬಹುದು, ಮದುವೆಗೆ ಸಾಲದು, ಅಷ್ಟೇ. ಬಾಗಿಲಲ್ಲೇ ಫೋಮ್ ಶೀಟಿನ ಕವಚ ತೊಟ್ಟ ಹುಡುಗನೊಬ್ಬ ಬೆವರು ಸುರಿಸುತ್ತ ನಿಂತಿದ್ದ. ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿ, "ಪಾಪ, ಯಾವ ನಾಟಕದಲ್ಲಿ ಪಾರ್ಟು ಮಗೂ?" ಅಂತ ಕೇಳಿ ನೀರಿನ ಬಾಟಲಿ ಕೊಟ್ಟರು. ಅವನು ಗಟಗಟ ಅಂತ ಅರ್ಧ ಖಾಲಿ ಮಾಡಿದ. ಮುಂದಿನ ಟೇಬಲ್ಲಿನಲ್ಲಿ ಜಪಾನಿನ ಮಾಂಗಾ ಪುಸ್ತಕಗಳಿದ್ದವು. ಅವನ್ನು ಬಲದಿಂದ ಎಡಕ್ಕೆ ಓದಬೇಕು ಅಂತ ಅಂಗಡಿಯವನು ತೋರಿಸಿದಾಗ ಅತ್ತೆ ಚೂರೂ ಬೆರಗಾಗಲಿಲ್ಲ. "ಉರ್ದು ಥರ ಅನ್ನಿ" ಅಂದರು. ಚಂದಮಾಮದಲ್ಲಿ ಶಂಕರ್ ಬಿಡಿಸುತ್ತಿದ್ದ, ಕತ್ತಿ ಹಿಡಿದು ಹೆಣ ಹೊತ್ತ ವಿಕ್ರಮನ ಚಿತ್ರ ಅವರಿಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆಯಂತೆ. ಇಲ್ಲಿ ಅಂಥದ್ದೊಂದೂ ಇಲ್ಲವಲ್ಲ ಅಂತ ಅವರ ದೂರು.

ನಮ್ಮನೆಯವರು ಹಳೆ ಪುಸ್ತಕದ ರಾಶಿಯಲ್ಲಿ ಕಳೆದುಹೋದರು. ಅಮರ ಚಿತ್ರ ಕಥೆ ಕೈಗೆ ಸಿಕ್ಕಿದ್ದೇ ತಡ, ಅದನ್ನು 1967ರಲ್ಲಿ ಶುರು ಮಾಡಿದ ಅನಂತ ಪೈ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು, 1980ರಲ್ಲಿ ಟಿಂಕಲ್ ತಂದವರೂ ಅವರೇ ಅಂತ ಪಕ್ಕದಲ್ಲಿದ್ದ ಅಪರಿಚಿತರಿಗೆಲ್ಲ ಭಾಷಣ. ನಾನು ಕೇಳಿಸದವಳ ಹಾಗೆ ಮುಂದೆ ಹೋದೆ.

ಅಷ್ಟರಲ್ಲಿ ನನ್ನ ಫೋನು ಟಿಣ್ ಅಂತು. 30 ರೂಪಾಯಿ ಜಮಾ. ಯಾರಪ್ಪ ಇದು ಅಂದುಕೊಳ್ಳುವಷ್ಟರಲ್ಲಿ ಮತ್ತೆ 30. ಆಮೇಲೆ ತಿಳಿಯಿತು, ಮಗಳಿಗೆ ಬ್ಯಾಂಕ್ ಖಾತೆ ಇಲ್ಲ. ಟೇಬಲ್ಲಿನ ಮೇಲೆ ಅಂಟಿಸಿದ್ದ ಕ್ಯೂಆರ್ ಕೋಡ್ ನನ್ನದು. ಅದೂ ಅವರಪ್ಪನ ಕೈವಾಡ.

ಜನ ಕೊಂಡು, ಅಲ್ಲೇ ನಿಂತು ಓದಿ ನಗುತ್ತಿದ್ದರು. ನಾನೂ ಒಂದು ಎತ್ತಿಕೊಂಡೆ. ಒಂದು ಎ-ಫೋರ್ ಹಾಳೆಯನ್ನು ಎಂಟು ಭಾಗ ಮಡಚಿ, ನಡುವೆ ಒಂದು ಕತ್ತರಿ ಆಡಿಸಿ, ಮತ್ತೆ ಮಡಚಿದರೆ ಎಂಟು ಪುಟದ ಪುಸ್ತಕ. ದಾರವೂ ಬೇಡ, ಪಿನ್ನೂ ಬೇಡ. ಹೆಸರು 'ಅಟ್ಟದ ಹಲ್ಲಿ'.

ಹುಡುಗಿಯೊಬ್ಬಳ ಚಿತ್ರದ ಪುಸ್ತಕಗಳು ಅಟ್ಟ ಸೇರುತ್ತವೆ. ರಾತ್ರಿ ಹಲ್ಲಿಯೊಂದು ಅವನ್ನು ಓದುತ್ತದೆ. ಅಮ್ಮ ಎಲ್ಲೂ ಕಾಣುವುದಿಲ್ಲ. ಚೌಕಟ್ಟಿನ ಆಚೆಯಿಂದ ಬಲೂನಿನಲ್ಲಿ ಅವಳ ಮಾತಷ್ಟೇ ತೂರಿ ಬರುತ್ತದೆ. "ಆಯ್ತಾ?" "ಇನ್ನೂ ಆಗಿಲ್ವಾ?" "ನಿನ್ನ ಒಳ್ಳೇದಕ್ಕೇ ಹೇಳ್ತಿರೋದು!" ಹಲ್ಲಿ ಸುಮ್ಮನಿರುತ್ತದೆ. ಕೊನೆಯ ಪುಟದಲ್ಲಿ ಅಮ್ಮನ ದನಿ, "ಚೆನ್ನಾಗಿ ಬಿಡಿಸ್ತೀಯ ಕಣೇ, ಆದ್ರೆ..." ಅನ್ನುತ್ತದೆ. 'ಆದ್ರೆ'ಗೆ ಮುಂಚೆಯೇ ಹಲ್ಲಿ ಲೊಚ್ ಅಂದುಬಿಡುತ್ತದೆ.

ಪಕ್ಕದಲ್ಲಿ ಬಗ್ಗಿ ಓದುತ್ತಿದ್ದ ಅತ್ತೆ ಟೇಬಲ್ ಮೇಲೆ ಬೆರಳಿನಿಂದ ಕುಟ್ಟಿ "ಕೃಷ್ಣ ಕೃಷ್ಣ" ಅಂದರು. ಮನೆಯಲ್ಲಿ ಹಲ್ಲಿ ಲೊಚಗುಟ್ಟಿದಾಗ ಮಾಡುವ ಹಾಗೆಯೇ. ಸುತ್ತ ಇದ್ದವರು ನಕ್ಕರು. ನನಗೆ ಗಂಟಲು ಕಟ್ಟಿತು. ಆ ಮಾತು ನಾನು ನಿಜವಾಗಿ ಯಾವತ್ತು ಆಡಿದ್ದೆ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. 'ಆದ್ರೆ' ಆದಮೇಲಿನದೆಲ್ಲ ಚೆನ್ನಾಗಿ ನೆನಪಿದೆ.

ಅಲ್ಲಿದ್ದ ಪುಸ್ತಕಗಳೆಲ್ಲ ಹೆಚ್ಚುಕಡಿಮೆ ಇಂಗ್ಲಿಷಿನವು. ಇಂಗ್ಲಿಷ್ ಮೀಡಿಯಂ ಹುಡುಗಿ ನೀನ್ಯಾಕೆ ಕನ್ನಡದಲ್ಲಿ ಬರೆದೆ ಅಂತ ಯಾರೋ ಕೇಳಿದರು. "ಅಮ್ಮ ಬೈಯೋದು ಕನ್ನಡದಲ್ಲಲ್ವಾ ಅಂಕಲ್" ಅಂದಳು. ಆದರೆ ಕಷ್ಟವೂ ಆಯಿತಂತೆ. ಒತ್ತಕ್ಷರಗಳು ಕೆಳಗೆ ಇಳಿಬೀಳುತ್ತವೆ, ಸಾಲುಗಳ ನಡುವೆ ಜಾಗ ಬಿಡಬೇಕು, ಬಲೂನು ಉಬ್ಬುತ್ತಲೇ ಹೋಗುತ್ತದೆ. ಪಕ್ಕದ ಹುಡುಗಿಗೆ ಇದನ್ನೆಲ್ಲ ಕೈ ಆಡಿಸಿ ವಿವರಿಸುತ್ತಿದ್ದಳು. ಇಷ್ಟು ಮಾತಾಡುವ ಮಗಳನ್ನು ನೋಡಿ ನನಗೆ ತಿಂಗಳುಗಳೇ ಆಗಿದ್ದವು.

ಜನ ಕಮ್ಮಿಯಾದಾಗ ಪುಳಿಯೋಗರೆ ಡಬ್ಬಿ ಮುಂದಿಟ್ಟು ಕೇಳಿದೆ, "ನನ್ನ ಮುಖ ಯಾಕೆ ಬಿಡಿಸಿಲ್ಲ?"

ಬಯ್ಯಲಿಕ್ಕೆ ಕೇಳುತ್ತಿದ್ದೇನೋ ಏನೋ ಅಂತ ಒಂದು ಸಲ ನನ್ನ ಮುಖ ನೋಡಿದಳು. "ಜಾಗ ಎಲ್ಲಿತ್ತಮ್ಮ? ನಿನ್ನ ಮಾತಿಗೇ ಅರ್ಧ ಪುಟ ಹೋಯ್ತು."

ಸಂಜೆ ಲೆಕ್ಕ ಹಾಕಿದರೆ ತಂದ ನಲವತ್ತರಲ್ಲಿ ಇಪ್ಪತ್ತಾರು ಮಾರಿದ್ದಳು. ನನ್ನ ಖಾತೆಯಲ್ಲಿ 780 ರೂಪಾಯಿ. ವಾಪಸ್ ಬರುವಾಗ ಮೆಟ್ರೋದಲ್ಲಿ ಅತ್ತೆ ತೂಕಡಿಸಿದರು, ನಮ್ಮನೆಯವರು ಕೊಂಡ ಹಳೆ ಪುಸ್ತಕಗಳನ್ನು ತೊಡೆ ಮೇಲಿಟ್ಟುಕೊಂಡು ಕೂತಿದ್ದರು.

ಮನೆಗೆ ಬಂದವಳೇ ಸ್ಟೂಲು ಹಾಕಿ ಅಟ್ಟದಿಂದ ಪುಸ್ತಕ ಇಳಿಸಿದೆ. ಧೂಳು ಕಣ್ಣಿಗೆ ಬಿತ್ತು. ಮಗಳು ಕೆಳಗೆ ಸ್ಟೂಲು ಹಿಡಿದು ನಿಂತಿದ್ದಳು. ಎರಡು ಪುಸ್ತಕ ಕೊಟ್ಟು, "ಮೂರನೇದು ಗಣಿತದ ಪರೀಕ್ಷೆ ಮುಗಿದ ಮೇಲೆ" ಅಂದೆ. ಏನು ಮಾಡಲಿ, ಅಷ್ಟಕ್ಕೇ ನಾನು ಬದಲಾಗಿಬಿಡುತ್ತೇನೆಯೇ?

ಅವಳು 'ಹೂಂ' ಅನ್ನಲಿಲ್ಲ. "ಸರಿ, ನನ್ನ ಏಳ್ನೂರ ಎಂಬತ್ತು ಯಾವಾಗ ಕೊಡ್ತೀಯ? ಎರಡನೇ ಭಾಗ ಝೆರಾಕ್ಸ್ ಮಾಡಿಸ್ಬೇಕು" ಅಂದಳು.