ಒಂದೇ ಸಲ ಕೇಳುವ ಕಿವಿ

ಓದಿಗೋ ಉದ್ಯೋಗಕ್ಕೋ ಇಂಗ್ಲಿಷ್ ನಾಡುಗಳಿಗೆ ಹೋಗಬಯಸುವವರ ಭಾಷಾಜ್ಞಾನವನ್ನು ಅಳೆಯುವ ಪರೀಕ್ಷೆಗಳಲ್ಲಿ ಐಇಎಲ್‌ಟಿಎಸ್ ಎಂಬುದು ಇಂದು ಕರ್ನಾಟಕದಲ್ಲಿ ಎಷ್ಟು ಮನೆಮಾತಾಗಿದೆಯೆಂದರೆ, ಬೆಂಗಳೂರು, ಮಂಗಳೂರುಗಳ ತರಬೇತಿ ಕೇಂದ್ರಗಳ ಫಲಕಗಳಲ್ಲಿ ಆ ಅಕ್ಷರಗಳನ್ನು ಬಿಡಿಸಿ ಹೇಳುವ ಅಗತ್ಯವೇ ಯಾರಿಗೂ ಕಾಣುವುದಿಲ್ಲ. ಅದರ ನಾಲ್ಕು ಅಂಗಗಳಲ್ಲಿ ಬರಹಕ್ಕೂ ಮಾತಿಗೂ ಅಂಜುವವರು ಹಲವರು. ಆಲಿಸುವಿಕೆಯನ್ನು ಮಾತ್ರ, ಕಿವಿ ಹೇಗೂ ತೆರೆದೇ ಇರುತ್ತದಲ್ಲ ಎಂಬ ಧೈರ್ಯದಿಂದ, ಕೊನೆಗೆ ನೋಡಿಕೊಂಡರಾಯಿತು ಎಂದು ಬದಿಗಿಡುವುದು ರೂಢಿ. ಸುಮಾರು 30 ನಿಮಿಷಗಳ ಧ್ವನಿಮುದ್ರಣ ಮತ್ತು 40 ಪ್ರಶ್ನೆಗಳಿರುವ ಈ ಅಂಗದಲ್ಲಿ ಮೊದಲು ಇಬ್ಬರ ದಿನಬಳಕೆಯ ಸಂಭಾಷಣೆ, ಆಮೇಲೆ ಊರಿನ ಸೌಲಭ್ಯವನ್ನೋ ಪ್ರವಾಸವನ್ನೋ ಕುರಿತ ಒಬ್ಬರ ಮಾತು, ಮೂರನೆಯದಾಗಿ ವಿದ್ಯಾರ್ಥಿಗಳ ಅಥವಾ ಅಧ್ಯಾಪಕರ ಚರ್ಚೆ, ಕಡೆಗೆ ವಿಶ್ವವಿದ್ಯಾಲಯದ ಉಪನ್ಯಾಸ ಬರುತ್ತವೆ. ಸರಿಯುತ್ತರಕ್ಕೆ ಒಂದರಂತೆ ದೊರೆತ ಅಂಕಗಳನ್ನು 9ರವರೆಗಿನ ‘ಬ್ಯಾಂಡ್’ ಎಂಬ ಅಳತೆಗೆ ಇಳಿಸಲಾಗುತ್ತದೆ. 40ರಲ್ಲಿ 30 ಸರಿಯಾದರೆ ಸಾಮಾನ್ಯವಾಗಿ 7ನೇ ಬ್ಯಾಂಡ್ ಸಿಗುತ್ತದೆ.

ಪರದೇಶಿಯರ ಇಂಗ್ಲಿಷನ್ನು ಪರೀಕ್ಷಿಸುವ ಉದ್ಯಮ ಕೇಂಬ್ರಿಜ್‌ನಲ್ಲಿ ಆರಂಭವಾದದ್ದು 1913ರಲ್ಲಿ. ಒಟ್ಟು 12 ಗಂಟೆಗಳ ಆ ಪರೀಕ್ಷೆಗೆ ಮೂವರು ಕುಳಿತರು, ಮೂವರೂ ನಪಾಸಾದರು. ವ್ಯಾಕರಣ, ಅನುವಾದ, ಪ್ರಬಂಧ, ಸಾಹಿತ್ಯ, ಧ್ವನಿಶಾಸ್ತ್ರ ಎಲ್ಲವೂ ಇದ್ದ ಅದರಲ್ಲಿ ಕಿವಿಯ ಪಾಲಿಗೆ ದಕ್ಕಿದ್ದು ಅರ್ಧ ಗಂಟೆಯ ಉಕ್ತಲೇಖನ. ಒಬ್ಬರು ಓದಿದ್ದನ್ನು ಕೇಳಿಸಿಕೊಂಡು ತಪ್ಪಿಲ್ಲದೆ ಬರೆಯುವ ಈ ಪದ್ಧತಿಯಲ್ಲಿ ಭಾಗವನ್ನು ಮೊದಲು ಇಡಿಯಾಗಿ, ಆಮೇಲೆ ತುಂಡು ತುಂಡಾಗಿ, ಕೊನೆಗೆ ಮತ್ತೊಮ್ಮೆ ಇಡಿಯಾಗಿ ಓದುವುದು ಸಂಪ್ರದಾಯ. ಕನ್ನಡ ಶಾಲೆಗಳಲ್ಲಿ ಕಲಿತವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ದೀರ್ಘವನ್ನು ಇನ್ನಷ್ಟು ಎಳೆದು, ಮಹಾಪ್ರಾಣ ಬಂದಾಗ ಎದೆಯಿಂದ ಉಸಿರು ತಳ್ಳಿ, ಹಿಂದಿನ ಬೆಂಚಿನ ಹುಡುಗ ತಲೆ ಎತ್ತಿದರೆ ಅದೇ ಸಾಲನ್ನು ಮತ್ತೆ ಹೇಳುತ್ತಿದ್ದ ಮೇಷ್ಟರು ಪರೀಕ್ಷೆ ಮಾಡುತ್ತಲೇ ಅರ್ಧ ಉತ್ತರವನ್ನು ತುಟಿಯ ಮೇಲೆ ತೋರಿಸಿಬಿಡುತ್ತಿದ್ದರು. ಕಾಣುವ ಬಾಯಿಯೊಂದಿಗೆ ಕೇಳುವ ಕಿವಿ ಮಾಡಿಕೊಂಡಿದ್ದ ಈ ಸಣ್ಣ ಒಪ್ಪಂದ ಪರೀಕ್ಷಾಶಾಸ್ತ್ರಕ್ಕೆ ಬಹುಕಾಲ ಒಪ್ಪಿಗೆಯಾಗಲಿಲ್ಲ.

ಅಮೆರಿಕದ ಭಾಷಾವಿಜ್ಞಾನಿ ರಾಬರ್ಟ್ ಲಾಡೊ 1961ರಲ್ಲಿ ಭಾಷಾಪರೀಕ್ಷೆಯನ್ನೇ ವಿಷಯವಾಗಿಸಿಕೊಂಡು ಪ್ರಕಟಿಸಿದ ಗ್ರಂಥದ ಕಾಲದಲ್ಲಿ, ‘ಶಿಪ್’ ಮತ್ತು ‘ಶೀಪ್’ಗಳಂತೆ ಒಂದೇ ಧ್ವನಿಯಲ್ಲಿ ಬೇರೆಯಾಗುವ ಜೋಡಿಗಳನ್ನು ಕಿವಿ ಬೇರ್ಪಡಿಸಬಲ್ಲುದೇ ಎಂದು ನೋಡುವುದೇ ಆಲಿಸುವಿಕೆಯ ಪರೀಕ್ಷೆಯ ತಿರುಳಾಗಿತ್ತು. ಬ್ರಿಟಿಷ್ ಕೌನ್ಸಿಲ್‌ಗಾಗಿ ಆಲನ್ ಡೇವಿಸ್ ರೂಪಿಸಿ 1960ರ ದಶಕದ ನಡುವೆ ಬಳಕೆಗೆ ಬಂದ ಪರೀಕ್ಷಾಮಾಲೆಯಲ್ಲಿಯೂ ಬಿಡಿ ಧ್ವನಿಗಳನ್ನು ಗುರುತಿಸುವ ಪ್ರಶ್ನೆಗಳಿದ್ದವು. 1980ರಲ್ಲಿ ಅದರ ಜಾಗಕ್ಕೆ ಬಂದ ಇಎಲ್‌ಟಿಎಸ್, 1989ರಲ್ಲಿ ಅದನ್ನು ಬದಲಿಸಿದ ಐಇಎಲ್‌ಟಿಎಸ್ ಇವೆರಡೂ ಬಿಡಿ ಧ್ವನಿಯಿಂದ ಇಡೀ ಮಾತಿನ ಕಡೆಗೆ, ಅಂದರೆ ಕೇಳಿದ್ದರಿಂದ ಬೇಕಾದ ವಿಷಯವನ್ನು ಹೆಕ್ಕುವ ಕಡೆಗೆ ಹೊರಳಿದವು. ಈ ನಡುವೆ ಓದುವ ಮೇಷ್ಟರ ಸ್ಥಾನಕ್ಕೆ ಟೇಪ್ ಬಂದು ಕುಳಿತಿತ್ತು. ಹಿಂದಕ್ಕೆ ತಿರುಗಿಸಿ ಎಷ್ಟು ಸಲ ಬೇಕಾದರೂ ಬೇಸರವಿಲ್ಲದೆ ನುಡಿಯಬಲ್ಲ ಯಂತ್ರ ಕೈಗೆ ಬಂದ ಮೇಲೆ ಐಇಎಲ್‌ಟಿಎಸ್ ಅಭ್ಯರ್ಥಿಗೆ ಕೊಟ್ಟದ್ದು ಒಂದೇ ಆಲಿಕೆ. ಎಲ್ಲ ದೇಶಗಳ ಅಭ್ಯರ್ಥಿಗಳಿಗೂ ಒಂದೇ ದನಿ, ಒಂದೇ ವೇಗ, ಒಂದೇ ಅವಕಾಶ ಎಂಬ ನ್ಯಾಯ ಇದರ ಹಿಂದಿದೆ ಎಂಬುದನ್ನು ಒಪ್ಪಬೇಕಾದರೂ, ಎದುರಿನವರನ್ನು “ಏನಂದ್ರಿ?” ಎಂದು ಕೇಳುವುದೂ ಆಲಿಸುವಿಕೆಯ ಒಂದು ಭಾಗವೆಂಬುದು ಈ ನ್ಯಾಯದ ಲೆಕ್ಕಕ್ಕೆ ಸಿಕ್ಕಿಲ್ಲ.

ಈ ಪ್ರಬಂಧದ ಲೇಖಕನ ಮನೆಯೊಳಕ್ಕೆ ಈ ಇತಿಹಾಸದ ತುದಿ ಬಂದು ತಲುಪಿದ್ದು ಅಣ್ಣನ ಮಗಳ ಮೂಲಕ. ಮಂಗಳೂರಿನಲ್ಲಿ ನರ್ಸಿಂಗ್ ಓದಿ, ಕೆಲಕಾಲ ವಾರ್ಡಿನಲ್ಲಿ ದುಡಿದು, ಇಂಗ್ಲೆಂಡಿನ ಆಸ್ಪತ್ರೆಯ ಕೆಲಸದ ಮೇಲೆ ಕಣ್ಣಿಟ್ಟಿದ್ದ ಆಕೆಗೆ, ಅಲ್ಲಿನ ನರ್ಸಿಂಗ್ ನೋಂದಣಿ ಮಂಡಳಿಯ ನಿಯಮದಂತೆ ಬರಹದಲ್ಲಿ 6.5 ಸಾಕಾಗುತ್ತಿದ್ದರೂ ಆಲಿಸುವಿಕೆಯಲ್ಲಿ 7 ಬೇಕೇ ಬೇಕಿತ್ತು. ಸಂಜೆಯ ಹೊತ್ತು ಊಟದ ಮೇಜಿನ ಮೇಲೆ ಮೊಬೈಲನ್ನಿಟ್ಟು ಮಾದರಿ ಧ್ವನಿಮುದ್ರಣಗಳನ್ನು ಹಾಕುವ, ನಿಲ್ಲಿಸುವ ಕೆಲಸ ಚಿಕ್ಕಪ್ಪನ ಪಾಲಿಗೆ ಬಂದಿತ್ತು. “ಇನ್ನೊಂದ್ಸಲ ಹಾಕಿ ಚಿಕ್ಕಪ್ಪ” ಎಂಬ ಮಾತು ಆ ಮನೆಯಲ್ಲಿ ಕುಕ್ಕರಿನ ಸೀಟಿಗಿಂತ ಹೆಚ್ಚು ಸಲ ಕೇಳಿಬರುತ್ತಿತ್ತು.

ಹೀಗೆ ಪಕ್ಕದಲ್ಲಿ ಕುಳಿತು ನೋಡಿದಾಗ ತಿಳಿದುಬಂದದ್ದೇನೆಂದರೆ, ಕಠಿಣವೆನ್ನಲಾದ ಉಪನ್ಯಾಸಕ್ಕಿಂತ ಸುಲಭವೆನ್ನಲಾದ ಮೊದಲ ಸಂಭಾಷಣೆಯೇ ಆಕೆಯ ಅಂಕಗಳನ್ನು ಸದ್ದಿಲ್ಲದೆ ಕದಿಯುತ್ತಿತ್ತು ಎಂಬುದು. ಯಾರೋ ಒಬ್ಬರು ಕ್ರೀಡಾ ಕ್ಲಬ್ಬಿನ ಸದಸ್ಯತ್ವಕ್ಕಾಗಿ ಫೋನ್ ಮಾಡಿ ತಮ್ಮ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳುತ್ತಾರೆ. ‘ಡಬಲ್ ಎಲ್’ ಎಂದರೆ ಎರಡು ಎಲ್ ಬರೆಯಬೇಕು, ಫೋನ್ ಸಂಖ್ಯೆಯ ನಡುವೆ ‘ಓ’ ಎಂದರೆ ಅದು ಅಕ್ಷರವಲ್ಲ, ಸೊನ್ನೆ. ಮಾತಾಡುವವರು ಆಸ್ಟ್ರೇಲಿಯಾದವರಾದರಂತೂ ಅವರ ‘ಏ’ ಕನ್ನಡದ ಕಿವಿಗೆ ‘ಐ’ ಎಂದು ಕೇಳಿಸಿ, ಬೀದಿಯ ಹೆಸರೇ ಬದಲಾಗುತ್ತದೆ. ಸಭೆ ಮಂಗಳವಾರವೆಂದು ಮೊದಲು ಹೇಳಿ, ಸಹಾಯಕಿ ರಜೆಯಲ್ಲಿರುವುದು ನೆನಪಾಗಿ, ಗುರುವಾರವೆಂದು ತಿದ್ದಿಕೊಳ್ಳುವವರೂ ಉಂಟು. ಆತುರದ ಪೆನ್ನು ಮಂಗಳವಾರದಲ್ಲಿಯೇ ನಿಂತಿರುತ್ತದೆ. ಇಂಥ ಹುಸಿ ಉತ್ತರಗಳನ್ನು ಪ್ರಶ್ನೆ ರೂಪಿಸುವವರು ಬೇಕೆಂದೇ ಹಾಸಿರುತ್ತಾರೆ. ಇನ್ನು ‘ಎರಡು ಪುಸ್ತಕ’, ‘ಹತ್ತು ಕುರ್ಚಿ’ ಎಂದು ಸಂಖ್ಯೆಯೊಂದೇ ಬಹುತ್ವವನ್ನು ಹೊರುವ ಭಾಷೆಯಲ್ಲಿ ಬೆಳೆದವರ ಕಿವಿ ಇಂಗ್ಲಿಷ್ ಪದದ ತುದಿಯ ‘ಸ್’ ಎಂಬ ಸೀಳುಸದ್ದನ್ನು ಅನಗತ್ಯವೆಂದು ಕೈಬಿಡುವುದು ಸಹಜ. ಆದರೆ ಬಹುವಚನ ಬೇಕಾದಲ್ಲಿ ಏಕವಚನ ಬರೆದರೆ ಅಂಕವಿಲ್ಲ, ಕಾಗುಣಿತ ತಪ್ಪಿದರೂ ಇಲ್ಲ.

ಇವೆಲ್ಲಕ್ಕಿಂತ ಆಳದ ತೊಡಕು ಲಯದ್ದು. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರದರ ಕಾಲಾವಕಾಶ ಸಲ್ಲುತ್ತದೆ. ಇಂಗ್ಲಿಷ್ ಮಾತಿನಲ್ಲಿ ಒತ್ತು ಬಿದ್ದ ಭಾಗ ಎದ್ದು ನಿಂತು, ಉಳಿದ ಸ್ವರಗಳು ‘ಶ್ವಾ’ ಎಂದು ಧ್ವನಿಶಾಸ್ತ್ರಜ್ಞರು ಕರೆಯುವ, ಕನ್ನಡ ವರ್ಣಮಾಲೆಯಲ್ಲಿ ತನ್ನದೇ ಅಕ್ಷರವಿಲ್ಲದ, ಅರ್ಧ ನುಂಗಿದ ಧ್ವನಿಯಾಗಿ ಕುಗ್ಗುತ್ತವೆ. ಆದ್ದರಿಂದಲೇ ‘ಕಂಫರ್ಟೇಬಲ್’ ಎಂದು ಕಲಿತವರಿಗೆ ‘ಕಂಫ್ಟಬಲ್’ ಹೊಸ ಪದವೆನಿಸುತ್ತದೆ. ಆಕೆಗೆ ನಿಜವಾಗಿ ನೆರವಾದದ್ದು ಮಾದರಿ ಪರೀಕ್ಷೆಗಳ ರಾಶಿಯಲ್ಲ, ಕೆಲವೇ ಕ್ಷಣಗಳ ತುಣುಕನ್ನು ಕೇಳಿ ನಿಲ್ಲಿಸಿ, ಕೇಳಿಸಿದ್ದನ್ನೆಲ್ಲ ಬರೆದು, ಮುದ್ರಿತ ಪಾಠದೊಂದಿಗೆ ಹೋಲಿಸಿ, ಬಿಟ್ಟುಹೋದ ಪದಗಳಿಗೆ ಕೆಂಪು ಗೆರೆ ಎಳೆಯುವ ಅಭ್ಯಾಸ; ಪರೀಕ್ಷೆಯಿಂದ ಹೊರಬಿದ್ದ ಉಕ್ತಲೇಖನ ಸಿದ್ಧತೆಯ ಹಿಂಬಾಗಿಲಿನಿಂದ ಹೀಗೆ ಮರಳಿ ಬಂದಿತು. ಕೆಂಪು ಗೆರೆಗಳು ದೊಡ್ಡ ಪದಗಳ ಕೆಳಗಿರದೆ ‘ಆಫ್’, ‘ಹ್ಯಾವ್’, ‘ದೆಮ್’ಗಳಂಥ ಚಿಲ್ಲರೆ ಪದಗಳ ಕೆಳಗೇ ಸಾಲುಗಟ್ಟಿದ್ದವು. ಇದರ ಜೊತೆಗೆ, ಧ್ವನಿ ಶುರುವಾಗುವ ಮುನ್ನ ಸಿಗುವ ಬಿಡುವಿನಲ್ಲಿ ಪ್ರಶ್ನೆಗಳನ್ನು ಓದಿ ಬರಲಿರುವುದು ಅಂಕಿಯೋ ಊರೋ ವಸ್ತುವೋ ಎಂದು ಊಹಿಸುವುದನ್ನೂ, ತಪ್ಪಿದ ಉತ್ತರವನ್ನು ಮರುಗದೆ ಬಿಟ್ಟುಕೊಡುವುದನ್ನೂ ಕಲಿಯಬೇಕಾಯಿತು. ಹೋದ ಬಸ್ಸಿನ ಹಿಂದೆ ಓಡುವವರಿಗೆ ಮುಂದಿನ ಬಸ್ಸೂ ತಪ್ಪುತ್ತದೆ. ಕಾಗದದ ಪರೀಕ್ಷೆಯಲ್ಲಿ ಉತ್ತರಗಳನ್ನು ಪತ್ರಿಕೆಗೆ ಇಳಿಸಲು 10 ನಿಮಿಷಗಳಿದ್ದರೆ ಕಂಪ್ಯೂಟರಿನಲ್ಲಿ ಮರುಪರಿಶೀಲನೆಗೆ ಸಿಗುವುದು ಎರಡೇ ನಿಮಿಷ.

ಬೇಕಾದ ಬ್ಯಾಂಡ್ ಪಡೆದು ಇಂಗ್ಲೆಂಡಿನ ಆಸ್ಪತ್ರೆಯೊಂದನ್ನು ಸೇರಿದ ಆಕೆ ಅಲ್ಲಿಂದ ಹೇಳಿದ ಸುದ್ದಿಗಳಲ್ಲಿ ಚಳಿಯ ನಂತರದ ಸ್ಥಾನ ಫೋನಿನದು. ಪ್ರಯೋಗಾಲಯದಿಂದ ರೋಗಿಯ ರಕ್ತಪರೀಕ್ಷೆಯ ಗಂಭೀರ ಫಲಿತಾಂಶ ಫೋನಿನಲ್ಲಿ ಬಂದರೆ, ಅದನ್ನು ಬರೆದುಕೊಂಡು, ಬರೆದದ್ದನ್ನು ಹೇಳಿದವರಿಗೇ ಓದಿ ಹೇಳಿ, ಅವರು ಸರಿಯೆಂದ ಮೇಲಷ್ಟೇ ಮುಂದುವರಿಯುವುದು ರೋಗಿಸುರಕ್ಷತೆಗೆ ಶಿಫಾರಸಾಗಿರುವ ಕ್ರಮ. ಹೆಸರನ್ನು ಆಲ್ಫಾ, ಬ್ರಾವೊ, ಚಾರ್ಲಿ ಎಂದು ಅಕ್ಷರಕ್ಕೊಂದು ಪದವಿಟ್ಟು ಬಿಡಿಸುವುದುಂಟು. ಫಿಫ್ಟೀನ್‌ಗೂ ಫಿಫ್ಟಿಗೂ ಗೊಂದಲವಾಗದಂತೆ, ಔಷಧದ ಪ್ರಮಾಣವನ್ನು ಹೇಳಿದ ಮೇಲೆ ‘ಒನ್, ಫೈವ್’ ಎಂದು ಅಂಕಿಗಳನ್ನು ಬೇರೆ ಬೇರೆಯಾಗಿ ಮತ್ತೊಮ್ಮೆ ನುಡಿಯುವುದೂ ಉಂಟು. ಕೇಳಿಸದಿದ್ದರೆ ಅಲ್ಲಿ ಎಷ್ಟು ಸಲ ಬೇಕಾದರೂ ಕೇಳಬಹುದು. ಕೇಳದೆ ಸುಮ್ಮನಿದ್ದವರನ್ನು ಮಾತ್ರ ವಾರ್ಡಿನ ಹಿರಿಯ ಸಿಸ್ಟರ್ ಬಿಡುವುದಿಲ್ಲವಂತೆ.