ಹಲ್ಲಿಲ್ಲದ ಎತ್ತು

ಜಾತ್ರೆಯಲ್ಲಿ ಎತ್ತು ಕೊಳ್ಳುವವನನ್ನು ನೀವು ನೋಡಿದ್ದೀರಷ್ಟೆ. ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ, ಆಮೇಲೆ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುತ್ತಾನೆ. ಹಳೆಯ ಕಾರಿಗೆ ಹಲ್ಲಿಲ್ಲ. ಇರುವುದೊಂದು ಮೀಟರು, ಅದನ್ನು ಹಿಂದಕ್ಕೆ ತಿರುಗಿಸುವ ವಿದ್ಯೆಯನ್ನು ಬಲ್ಲವರುಂಟು.

ನಮ್ಮ ನೆರೆಮನೆಯ ಮೇಷ್ಟ್ರು ನಿವೃತ್ತರು. ಅವರ ಮನೆಯಾಕೆಗೆ ಮಂಡಿನೋವು. ಬಸ್ಸಿನ ಮೆಟ್ಟಿಲು ಹತ್ತಲಾರರು. ಹಳೆಯ ಕಾರುಗಳ ವ್ಯಾಪಾರಿಯೊಬ್ಬನಿಂದ ಮೂರೂವರೆ ಲಕ್ಷ ರೂಪಾಯಿಗೆ ಕಾರು ತಂದರು. ಮೀಟರಿನಲ್ಲಿ 42,000 ಕಿಲೋಮೀಟರು. “ಆಸ್ಪತ್ರೆಗೆ ಹೋಗಿಬರಲು ನಂಬಿಕೆಯ ಗಾಡಿ ಬೇಕಪ್ಪ” ಎಂದು ಇವರು ಹೇಳಿದರು. “ಕಣ್ಣು ಮುಚ್ಚಿಕೊಂಡು ತೆಗೆದುಕೊಂಡು ಹೋಗಿ” ಎಂದು ಅವನು ಹೇಳಿದ. ಹದಿನೆಂಟನೆಯ ದಿನ ಗೇರ್ ಪೆಟ್ಟಿಗೆ ಕೈಕೊಟ್ಟಿತು. ಸರ್ವಿಸ್ ಕೇಂದ್ರದ ದಾಖಲೆ ತೆಗೆಸಿದರೆ, ಆ ಗಾಡಿ ಎರಡು ವರ್ಷ ಹಿಂದೆಯೇ 1,18,000 ದಾಟಿತ್ತು! ಕೇಳಿದ್ದಕ್ಕೆ ವ್ಯಾಪಾರಿಯ ಉತ್ತರ: “ಹಳೇ ಗಾಡಿ ಸಾರ್. ನೀವೇ ಓಡಿಸಿ ನೋಡಿ ಕೊಂಡಿರಲ್ಲ.”

ಈ ಉತ್ತರ ಬಹು ಪುರಾತನವಾದದ್ದು. ಕೊಳ್ಳುವವನೇ ಎಚ್ಚರವಾಗಿರಬೇಕೆಂಬ ಸೂತ್ರ ಲ್ಯಾಟಿನ್ ಉಡುಗೆ ತೊಟ್ಟು ಇಂಗ್ಲೆಂಡಿನ ಮಾರ್ಗವಾಗಿ ನಮ್ಮಲ್ಲಿಗೆ ಬಂತು. ಆದರೆ 1930ರ ಸರಕು ಮಾರಾಟ ಕಾಯಿದೆಯ 16ನೆಯ ಕಲಮು ಆ ಸೂತ್ರವನ್ನು ಹೇಳಿ, ಅದೇ ಉಸಿರಿನಲ್ಲಿ ವಿನಾಯಿತಿಯನ್ನೂ ಹೇಳುತ್ತದೆ. ಕೊಳ್ಳುವವನು ತನ್ನ ಉದ್ದೇಶವನ್ನು ತಿಳಿಸಿ, ಅದೇ ಸರಕಿನ ವ್ಯಾಪಾರಿಯ ತಿಳಿವಳಿಕೆಯನ್ನು ನೆಚ್ಚಿ ಕೊಂಡರೆ, ಸರಕು ತಕ್ಕಮಟ್ಟಿಗಾದರೂ ಆ ಕೆಲಸಕ್ಕೆ ಒದಗಬೇಕು. ಹಳೆಯದು ಹೊಸದರಂತಿರಬೇಕೆಂದು ಯಾರೂ ಕೇಳುವುದಿಲ್ಲ. ಕಣ್ಣಿಗೆ ಕಾಣುವ ಗೀರಿಗೆ ವ್ಯಾಪಾರಿಯನ್ನು ಹಿಡಿಯುವುದು ನ್ಯಾಯವೂ ಅಲ್ಲ. ಮೀಟರಿನೊಳಗಿನ ಸುಳ್ಳು ಯಾರ ಕಣ್ಣಿಗೆ ಕಾಣಬೇಕು?

ಮೇಷ್ಟ್ರು ಜಗಳವಾಡಲಿಲ್ಲ, ಓದಿದರು. 2020ರ ಜುಲೈಯಿಂದ ಜಾರಿಯಲ್ಲಿರುವ ಗ್ರಾಹಕ ರಕ್ಷಣಾ ಕಾಯಿದೆಯಂತೆ ತಾವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು; ವಕೀಲರು ಬೇಕೇಬೇಕೆಂದಿಲ್ಲ; ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ; ಗಡುವು ಎರಡು ವರ್ಷ. (ಕಾರನ್ನು ಸ್ನೇಹಿತನಿಂದಲೋ ಷಡ್ಡಕನಿಂದಲೋ ಕೊಂಡಿದ್ದರೆ ಸಾಮಾನ್ಯವಾಗಿ ಈ ಬಾಗಿಲು ತೆರೆಯದು. ಮಾರುವುದೇ ಕಸುಬಾದವನಿಗೆ ಮಾತ್ರ ಇದು ಅನ್ವಯ.) ದೂರನ್ನು ತಮ್ಮ ದುಂಡಕ್ಷರದಲ್ಲಿ ತಾವೇ ಬರೆದರು. ರಸೀದಿ, ಸರ್ವಿಸ್ ದಾಖಲೆ, ಮೆಕ್ಯಾನಿಕನ ವರದಿ, 42,000 ಎಂದು ಸಾರಿದ್ದ ಜಾಹೀರಾತಿನ ಚಿತ್ರ, ಎಲ್ಲವನ್ನೂ ಲಗತ್ತಿಸಿದರು. ‘ಕಣ್ಣು ಮುಚ್ಚಿಕೊಂಡು’ ಎಂಬ ಪದಗಳ ಕೆಳಗೆ ಗೆರೆ ಎಳೆದಿದ್ದರು, ಮೇಷ್ಟ್ರಲ್ಲವೆ!

ನೋಟೀಸು ತಲುಪಿದ ವಾರದಲ್ಲೇ ವ್ಯಾಪಾರಿ ಮನೆಗೆ ಬಂದ, ಈ ಸಲ ಹಣ್ಣಿನ ಚೀಲದೊಡನೆ. ದೂರು ಹಿಂದಕ್ಕೆ ಪಡೆದರೆ ಗೇರ್ ಪೆಟ್ಟಿಗೆಯನ್ನು ಪುಕ್ಕಟೆ ಸರಿಮಾಡಿಸಿಕೊಡುವನಂತೆ.

“ಗೇರು ಸರಿಮಾಡಿಸುತ್ತೀಯಪ್ಪ, ಆ ಎಪ್ಪತ್ತಾರು ಸಾವಿರ ಕಿಲೋಮೀಟರನ್ನು ಏನು ಮಾಡುತ್ತೀಯೆ?” ಎಂದು ಮೇಷ್ಟ್ರು ಕೇಳಿದರು. ಕಾಫಿ ಕೊಟ್ಟರು; ಹಣ್ಣಿನ ಚೀಲವನ್ನು ಹಿಂದಕ್ಕೆ ಕಳಿಸಿದರು.

ಎದುರುಪಕ್ಷಕ್ಕೆ ನೋಟೀಸು ಮುಟ್ಟಿದ ಮೂರು ತಿಂಗಳಲ್ಲಿ ದೂರನ್ನು ತೀರಿಸಲು ಯತ್ನಿಸಬೇಕೆಂದು ಕಾಯಿದೆಯಲ್ಲಿದೆ. ಕಾಯಿದೆಗೂ ಪಂಚಾಂಗಕ್ಕೂ ಅಷ್ಟೇನೂ ಸ್ನೇಹವಿಲ್ಲ. ಐದನೆಯ ತಿಂಗಳು ನಡೆದಿದೆ. ಪ್ರತಿ ತಾರೀಖಿಗೂ ಮೇಷ್ಟ್ರು ಕಡತ ಹಿಡಿದು ಹೊರಡುತ್ತಾರೆ. ಮನೆಯಾಕೆ ಸದ್ಯಕ್ಕೆ ಆಟೋದಲ್ಲಿ ಆಸ್ಪತ್ರೆಗೆ ಹೋಗಿಬರುತ್ತಿದ್ದಾರೆ.