‘ಕೊಡು’ ಅನ್ನೋದು ‘ಕೋಡು’ ಆಗದಿರಲಿ

ಕನ್ನಡದಲ್ಲಿ ಒಂದು ಹ್ರಸ್ವ ದೀರ್ಘವಾದರೆ ಅರ್ಥವೇ ಮಗುಚಿ ಬೀಳುತ್ತೆ. ‘ದಿನ’ವನ್ನು ಎಳೆದರೆ ‘ದೀನ’, ‘ಕೊಡು’ವನ್ನು ಎಳೆದರೆ ‘ಕೋಡು’. ಮಾತಾಡುವಾಗ ನಾವ್ಯಾರೂ ಹೀಗೆ ಎಡವೋದಿಲ್ಲ. ಆದರೆ ಚರ್ಚಿನಲ್ಲಿ, ಇನ್ಯಾವುದೋ ಭಾಷೆಗೆ ಹುಟ್ಟಿದ ರಾಗಕ್ಕೆ ಕನ್ನಡದ ಪ್ರಾರ್ಥನೆ ಕೂರಿಸಿ ಹಾಡುವಾಗ, ದೇವರ ಹತ್ರ ಅನ್ನ ಕೊಡು ಅನ್ನೋ ಬದಲು ಕೋಡು ಕೇಳಿಬಿಡ್ತೀವಿ. ನನಗೆ ನಗು ಬರುತ್ತಿತ್ತು. ಅಪ್ಪನಿಗೆ ಬರಲಿಲ್ಲ. ಅವರು ಹಾಡೋದನ್ನೇ ನಿಲ್ಲಿಸಿದರು.

ನಮ್ಮದು ಅರಸೀಕೆರೆ ಹತ್ತಿರದ ಹಾರನಹಳ್ಳಿ. ಅಪ್ಪ ಅಲ್ಲಿ ಸ್ಕೂಲ್ ಮೇಷ್ಟ್ರು. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಅರಸೀಕೆರೆಯ ಚರ್ಚಿಗೆ ಹೋಗಿಬರುತ್ತಿದ್ದೆವು. ಶ್ರಾವಣ ಬಂತೆಂದರೆ ಪಕ್ಕದ ಮನೆಯ ಜಗಲಿಯಲ್ಲಿ ಕುಮಾರವ್ಯಾಸ ಭಾರತದ ಗಮಕ ವಾಚನ. ಅಪ್ಪ ಅಲ್ಲೂ ತಪ್ಪದೆ ಹೋಗಿ ಕೂರುತ್ತಿದ್ದರು. ಆ ಜಗಲಿಯಿಂದ ಏನೋ ಒಂದು ನಮ್ಮ ಮನೆಯೊಳಗೂ ಬಂತು. ರಾತ್ರಿ ಊಟಕ್ಕೆ ಮುಂಚೆ ಕರ್ತನ ಪ್ರಾರ್ಥನೆಯನ್ನು ಅವರು ಹೆಚ್ಚುಕಡಿಮೆ ಗಮಕದ ಹಾಗೇ ಹೇಳುತ್ತಿದ್ದರು. ತಾಳವಿಲ್ಲ, ಒಂದೇ ಶ್ರುತಿ, ಉಸಿರು ಮುಗಿಯುವಲ್ಲಿ ಸಾಲು ಮುಗಿಯುತ್ತಿತ್ತು. ಒಂದೊಂದು ಮಾತೂ ಕೇಳಿಸುತ್ತಿತ್ತು.

ಅಮ್ಮ ತೀರಿಕೊಂಡ ಮೇಲೆ ಅಪ್ಪ ಬೆಂಗಳೂರಿಗೆ ನನ್ನ ಹತ್ರ ಬಂದರು. ಇಲ್ಲಿ ನಾವು ಹೋಗುವ ಚರ್ಚಿನಲ್ಲಿ ಕೀಬೋರ್ಡು, ಡ್ರಮ್ಸು ಎಲ್ಲ ಇವೆ. ಅದೇ ಪ್ರಾರ್ಥನೆಯನ್ನು ಅಮೆರಿಕದ ಆಲ್ಬರ್ಟ್ ಹೇ ಮಲೋಟ್ 1935ರಲ್ಲಿ ಮಾಡಿದ ರಾಗದಲ್ಲಿ ಹಾಡುತ್ತಾರೆ. ಮಲೋಟ್ ಡಿಸ್ನಿ ಸಿನಿಮಾಗಳಿಗೂ ಸಂಗೀತ ಕೊಟ್ಟವರು. ರಾಗ ನಿಜಕ್ಕೂ ಚೆಂದ. ಆದರೆ ಅದು ಪಳಗಿದ ಒಂಟಿ ಗಾಯಕನ ಗಂಟಲಿಗೆ, ಇಂಗ್ಲಿಷ್ ಪದಗಳಿಗೆ ಹೊಲಿದ ಅಂಗಿ. ಕೊನೆಗೆ ಬರುವಾಗ ದನಿ ಮೇಲೇರಬೇಕು, ಎಪ್ಪತ್ತು ದಾಟಿದವರಿಗೆ ಅದು ಎಟುಕೋದಿಲ್ಲ. ನಮ್ಮ ಪದಗಳ ಪಾಡು ಇನ್ನೂ ಕಷ್ಟ. ‘ಪರಲೋಕದಲ್ಲಿರುವ’ ಎಂಬುದನ್ನೇ ತಗೊಳ್ಳಿ. ಎಂಟು ಅಕ್ಷರ, ಹತ್ತು ಮಾತ್ರೆ. ‘ಲೋ’ ಮತ್ತು ಒತ್ತಕ್ಷರದ ಹಿಂದಿನ ‘ದ’ ಮಾತ್ರ ಗುರು, ಉಳಿದವೆಲ್ಲ ಲಘು. ರಾಗ ನಿಲ್ಲುವ ಕಡೆ ಲಘು ಬಂದರೆ ಎಳೆಯಲೇಬೇಕು. ಎಳೆದರೆ ಅದು ನಮ್ಮ ಕಿವಿಗೆ ಬೇರೆ ಪದ.

ಇದೇನು ಹೊಸ ತಾಪತ್ರಯ ಅಲ್ಲ. ಲ್ಯಾಟಿನ್ ಬಿಟ್ಟು ಇಂಗ್ಲಿಷಿನಲ್ಲಿ ಪ್ರಾರ್ಥನೆ ಹಾಡಲು ಹೊರಟಾಗ ಇಂಗ್ಲೆಂಡಿನವರಿಗೂ ಇದೇ ಪ್ರಶ್ನೆ ಎದುರಾಗಿತ್ತು. ಒಂದು ಅಕ್ಷರಕ್ಕೆ ಆದಷ್ಟು ಒಂದೇ ಸ್ವರ ಇರಲಿ, ಮಾತು ಸ್ಪಷ್ಟವಾಗಿ ಕೇಳಲಿ ಅಂತ ಆರ್ಚ್‌ಬಿಷಪ್ ಕ್ರ್ಯಾನ್ಮರ್ 1544ರಲ್ಲಿ ರಾಜನಿಗೆ ಬರೆದರು. ಅದನ್ನು ಮಾಡಿ ತೋರಿಸಿದವರು ವಿಂಡ್ಸರ್‌ನ ಆರ್ಗನ್ ವಾದಕ ಜಾನ್ ಮೆರ್ಬೆಕ್. ಧರ್ಮದ್ರೋಹದ ಆರೋಪದಲ್ಲಿ ಮರಣದಂಡನೆಗೆ ಗುರಿಯಾಗಿ, ಕ್ಷಮೆ ಸಿಕ್ಕಿ ಬದುಕಿಕೊಂಡ ಮನುಷ್ಯ. 1550ರಲ್ಲಿ ಅವರು ಪ್ರಾರ್ಥನಾ ಪುಸ್ತಕಕ್ಕೆ ಹಾಕಿದ ಸ್ವರಗಳು ಮಾತಿನ ನಡಿಗೆಯಲ್ಲೇ ನಡೆಯುತ್ತವೆ.

ನಮ್ಮಲ್ಲೂ ಒಬ್ಬರಿಗೆ ಇದು ಹೊಳೆದಿತ್ತು. ನಿಘಂಟಿನ ಕಿಟ್ಟೆಲ್! 1853ರಲ್ಲಿ ಬಾಸೆಲ್ ಮಿಶನ್ನಿನಿಂದ ಬಂದ ಅವರು 1862ರಲ್ಲೇ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ಇಲ್ಲಿನ ಛಂದಸ್ಸಿನಲ್ಲಿ ಬರೆದರು. ಆಮೇಲೆ 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ ಸಂಪಾದಿಸಿದರು. 1894ರ ನಿಘಂಟಿಗಿಂತ ಮುಂಚೆಯೇ ಅವರು ಕನ್ನಡದ ಮಾತ್ರೆ ಎಣಿಸಲು ಕಲಿತಿದ್ದರು. ಕೇಶಿರಾಜ ಹದಿಮೂರನೇ ಶತಮಾನದ ಹೊಯ್ಸಳರ ಕಾಲದವನು. ಹಾರನಹಳ್ಳಿಯ ಸೋಮೇಶ್ವರ, ಲಕ್ಷ್ಮೀನರಸಿಂಹ ದೇವಸ್ಥಾನಗಳು ಎದ್ದಿದ್ದೂ ಅದೇ ಶತಮಾನದಲ್ಲಿ. ಇದನ್ನು ಹೇಳಿದಾಗ ಅಪ್ಪ ಖುಷಿಯಾಗಿ, ‘ಹಂಗಾದ್ರೆ ನಮ್ಮ ಕಡೆಯವನೇ ಕಣಮ್ಮ’ ಅಂದರು.

ನಿಯಮದ ಅಡ್ಡಿಯಂತೂ ಇಲ್ಲ. 1963ರ ಡಿಸೆಂಬರ್ 4ರಂದು ಹೊರಬಿದ್ದ ವ್ಯಾಟಿಕನ್ ಸಭೆಯ ದಾಖಲೆ ಆಯಾ ಜನರ ಭಾಷೆಗೆ ಬಾಗಿಲು ತೆರೆಯಿತು, ಅವರದೇ ಸಂಗೀತಕ್ಕೂ ತಕ್ಕ ಜಾಗ ಕೊಡಿ ಅಂದಿತು. ಅದಕ್ಕೂ ಮುಂಚೆ, 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆ 1950ರಲ್ಲೇ ತನ್ನದೇ ಆರಾಧನಾ ಕ್ರಮ ಮಾಡಿಕೊಂಡಿತ್ತು. ಇಷ್ಟಾದರೂ ಎಷ್ಟೋ ಕಡೆ ಪದ ಮಾತ್ರ ಕನ್ನಡ, ನಡಿಗೆ ಬೇರೆಯದು.

ಹೋದ ವರ್ಷ ಅಪ್ಪ ಊಟದ ಮುಂಚೆ ಹೇಳೋದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕ್ವಾಯರ್ ಹುಡುಗರಿಗೆ ಕೇಳಿಸಿದೆ. ಕೀಬೋರ್ಡ್ ನುಡಿಸೋ ಹುಡುಗ ಎರಡು ಸಲ ಕೇಳಿ, ಡ್ರಮ್ಸ್ ಬೇಡ, ತಂಬೂರಿ ಆ್ಯಪ್ ಸಾಕು ಅಂದ. ಹಿರಿಯರೊಬ್ಬರು ಮಾತ್ರ ‘ಇದು ದೇವಸ್ಥಾನದ ಥರ ಕೇಳುತ್ತಲ್ಲ’ ಅಂತ ಮುಖ ಸಿಂಡರಿಸಿದರು. ಅಪ್ಪ ಮೆಲ್ಲಗೆ ‘ಕನ್ನಡದ ಥರ ಕೇಳುತ್ತೆ ಸಾರ್’ ಅಂದರು. ವಾದ ಅಲ್ಲಿಗೇ ಮುಗಿಯಲಿಲ್ಲ, ಮೂರು ಮೀಟಿಂಗ್ ಆಯಿತು. ಕೊನೆಗೆ ತಿಂಗಳಿಗೆ ಒಂದು ಭಾನುವಾರ ಅಂತ ತೀರ್ಮಾನವಾಯಿತು.

ಆ ಭಾನುವಾರ ಅಪ್ಪ ಮುಂದಿನ ಸಾಲಿನಲ್ಲಿ ಕೂತು ಹಾಡುತ್ತಾರೆ. ಅವರ ವಯಸ್ಸಿನವರೆಲ್ಲ ದನಿಗೂಡಿಸುತ್ತಾರೆ, ‘ಕೊಡು’ ಅನ್ನೋದು ‘ಕೊಡು’ವಾಗಿಯೇ ಕೇಳುತ್ತೆ. ಉಳಿದ ಭಾನುವಾರ ಮಲೋಟ್. ಆಗ ಅಪ್ಪ ಪುಸ್ತಕ ಹಿಡಿದು ಸುಮ್ಮನೆ ನಿಂತಿರುತ್ತಾರೆ.

ನಿಮ್ಮ ಮನೆಯ ಹಿರಿಯರೂ ಪ್ರಾರ್ಥನೆಯನ್ನೋ ಶ್ಲೋಕವನ್ನೋ ವಚನವನ್ನೋ ತಮ್ಮದೇ ಧಾಟಿಯಲ್ಲಿ ಹೇಳುತ್ತಿರಬಹುದು. ಅದು ಯಾವ ಪುಸ್ತಕದಲ್ಲೂ ಇರೋದಿಲ್ಲ. ಫೋನ್ ಹೇಗೂ ಕೈಯಲ್ಲೇ ಇದೆ, ಇವತ್ತೇ ರಾತ್ರಿ ಊಟಕ್ಕೆ ಮುಂಚೆ ಒಂದು ಸಲ ರೆಕಾರ್ಡ್ ಒತ್ತಿ.